ಬಲ ಭುಜದ ಕಲೆ

ನಮ್ಮ ಕುದುರೆ ಮೇಷ್ಟ್ರ ಅಂಗಿಯ ಬಲ ಭುಜದ ಮೇಲೆ ಅಂಗೈಯಗಲದ ಒಂದು ಹಸಿರು ಕಲೆ ಇರುತ್ತಿತ್ತು. ಅಂಗಿ ಬದಲಾದರೂ ಕಲೆ ಬದಲಾಗುತ್ತಿರಲಿಲ್ಲ. ಶುಕ್ರವಾರದ ನಮಾಜಿಗೆಂದು ಎತ್ತಿಟ್ಟುಕೊಂಡಿದ್ದ ಒಂದು ಬಿಳಿ ಜುಬ್ಬಾ ಬಿಟ್ಟರೆ ಅವರ ಎಲ್ಲ ಅಂಗಿಗಳಿಗೂ ಅದೇ ಜಾಗದಲ್ಲಿ ಅದೇ ಗುರುತು. ಹುಲ್ಲು ಮೇಯ್ದ ಕುದುರೆಗಳು ಬಾಯಿ ಒರೆಸಿಕೊಳ್ಳುತ್ತಿದ್ದುದು ಅಲ್ಲಿ. "ಎಲ್ರೂ ಹೆಗಲ ಮೇಲೆ ಟವೆಲ್ ಹಾಕ್ತಾರೆ. ನಾನೇ ಟವೆಲ್ಲು" ಎಂದು ನಗುತ್ತಿದ್ದರು.

ಗೋಣಿಬೀಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನೊಳಗೆ ಕುದುರೆ ಸವಾರಿ ಕಲಿಸುವ ಶಾಲೆಯಿದೆ. ನಡೆಸುವವರು ಎಸ್ಟೇಟಿನ ಒಡತಿ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತೇವೆ. ಕಲಿಸುತ್ತಿದ್ದವರು ಮೇಷ್ಟ್ರು. ಮೇಡಂ ಅವರ ತಂದೆಯ ಕಾಲದಲ್ಲೇ ಆ ಎಸ್ಟೇಟಿಗೆ ಬಂದವರಂತೆ. ನಾನು ಅಲ್ಲಿಗೆ ಹೋದದ್ದು ಕುದುರೆ ಹತ್ತುವುದಕ್ಕಲ್ಲ, ಶಾಲೆಗೆ ಒಂದು ವೆಬ್‌ಸೈಟ್ ಮಾಡಿಕೊಡುವುದಕ್ಕೆ.

ಎಸ್ಟೇಟ್ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವಳು ನಾನು. ಅಮ್ಮ ಇಂದಿಗೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಹಣ್ಣು ಕೊಯ್ಯುತ್ತಾಳೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನೇ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಓದು ಮುಗಿಸಿ ಮೂಡಿಗೆರೆಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆ ಹಿಡಿದು, ಒಂದು ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾಗದ, ಅಂಗಡಿ ಬೋರ್ಡು ಮಾಡಿಕೊಡುತ್ತಿದ್ದೆ. ಸವಾರಿ ಶಾಲೆಯದು ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಅದು ಕೆಟ್ಟರೆ "ಲೈನ್ ಮನೆ ಹುಡುಗಿಗೆ ಕೊಟ್ರೆ ಇನ್ನೇನಾಗುತ್ತೆ" ಎನ್ನುವವರು ಸುತ್ತ ಕಾದು ಕೂತಿದ್ದಾರೆ ಎಂಬ ಹೆದರಿಕೆ ನನ್ನೊಳಗಿತ್ತು.

"ನೋಡಿದ ತಕ್ಷಣ ಹಳೇ ಕಾಲಕ್ಕೆ ಹೋದ ಹಾಗೆ ಆಗ್ಬೇಕು" ಎಂದಿದ್ದರು ಮೇಡಂ. ನಾನು ಲ್ಯಾಪ್‌ಟಾಪಿನಲ್ಲಿ ಕಂದು ಕಾಗದದ ಬಣ್ಣ, ಹಳೆಯ ಪತ್ರಗಳ ಅಕ್ಷರ, ಅಂಚಿಗೆ ಬಳ್ಳಿ ಎಲ್ಲ ಜೋಡಿಸಿಕೊಂಡು ಹೋದೆ. ಮೇಷ್ಟ್ರು ಕೈಯಲ್ಲಿ ಹುರುಳಿ ಬಕೆಟ್ ಹಿಡಿದುಕೊಂಡೇ ಬಗ್ಗಿ ನೋಡಿದರು.

"ಇದೆಂತ ಮಾರಾಯ್ತಿ, ಕಾಗದಕ್ಕೆ ಚಾ ಚೆಲ್ಲಿದ್ಯಾ?"

"ಹಳೇದು ಕಾಣ್ಲಿ ಅಂತ ಮೇಷ್ಟ್ರೇ."

"ಹಂಗಾ! ನೀನು ಕುದುರೆ ಮುಟ್ಟಿದ್ಯಾ?"

"ಇಲ್ಲ."

"ಹಂಗಾದ್ರೆ ಇದನ್ನ ಮುಚ್ಚಿಡು. ನಾಳೆ ಬೆಳಿಗ್ಗೆ ಬೂಟು ಹಾಕ್ಕೊಂಡು ಬಾ."

ಅವರ ಪದ್ಧತಿಯೇ ಹಾಗೆ. ಯಾರೇ ಕಲಿಯಲು ಬರಲಿ, ಮೊದಲ ನಾಲ್ಕು ದಿನ ಮೇಲೆ ಹತ್ತಿಸುತ್ತಿರಲಿಲ್ಲ. ಲಗಾಮು ಹಿಡಿದು ಕುದುರೆಯ ಎಡಗಡೆ ನಡೆಯಬೇಕು, ಅಷ್ಟೇ. ಒಮ್ಮೆ ದೊಡ್ಡ ಕಾರಿನಲ್ಲಿ ಬಂದವರೊಬ್ಬರು ಇವತ್ತೇ ಹತ್ತಬೇಕು ಎಂದು ಹಟ ಹಿಡಿದಾಗ, "ಸ್ವಾಮಿ, ನೀವು ಅದನ್ನ ನೋಡಿದ್ರಿ, ಅದು ನಿಮ್ಮನ್ನ ಇನ್ನೂ ನೋಡಿಲ್ಲ" ಎಂದು ಲಗಾಮನ್ನು ಅವರ ಕೈಗೇ ಕೊಟ್ಟು ನಡೆಸಿದ್ದರು. ನಾನೂ ನಡೆದೆ. ಅಮ್ಮನ ಗಂಬೂಟು ಹಾಕಿಕೊಂಡು, ಸಿಲ್ವರ್ ಓಕ್ ಸಾಲಿನ ಕೆಳಗೆ, ಒಂದು ಮುದಿ ಹೆಣ್ಣು ಕುದುರೆಯ ಎಡಕ್ಕೆ, ನಾಲ್ಕು ದಿನ. ಮೂರನೆಯ ದಿನ ಅದು ನನ್ನ ಬಲ ಭುಜಕ್ಕೆ ಬಾಯಿ ಒರೆಸಿತು. ಮೇಷ್ಟ್ರು ಬೇಲಿಯಾಚೆಯಿಂದಲೇ "ಸೀಲ್ ಬಿತ್ತು, ಸೀಲ್ ಬಿತ್ತು!" ಎಂದು ಕೂಗಿದರು.

ಅದೇ ದಿನ ನನ್ನ ಡಿಗ್ರಿ ಸರ್ಟಿಫಿಕೇಟ್ ನೋಡಬೇಕು ಎಂದರು. ಆಗೆಲ್ಲ ನಾನು ಅದನ್ನು ಫೈಲಿನಲ್ಲಿಟ್ಟುಕೊಂಡು ಹೋದಲ್ಲೆಲ್ಲ ಒಯ್ಯುತ್ತಿದ್ದೆ. ಮೇಷ್ಟ್ರು ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಒರೆಸಿಕೊಂಡು, ಆಮೇಲೆ ಮುಟ್ಟಿದರು. ಓದಲು ಅವರಿಗೆ ಬರುತ್ತಿರಲಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಆ ಜಾಗದ ಮೇಲೆ ಬೆರಳಾಡಿಸಿ, "ನಿಮ್ಮಮ್ಮ ಇದನ್ನ ಹಿಂಗೆ ಮುಟ್ಟಿ ನೋಡಿದ್ಲಾ?" ಎಂದರು. ಅಮ್ಮನಿಗೆ ಅದನ್ನು ದೂರದಿಂದ ತೋರಿಸಿದ್ದೆನೇ ಹೊರತು ಕೈಗೆ ಕೊಟ್ಟಿರಲಿಲ್ಲ. ಮನೆಗೆ ಹೋದವಳೇ ಕೊಟ್ಟೆ.

ಮೇಡಂ ಮನೆಯ ಗೋಡೆಯ ಮೇಲೆ ಅವರ ತಾತನ ಫೋಟೋ ಒಂದಿತ್ತು. ತಾತ ಕುದುರೆಯ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ತಲೆಗೆ ಬಟ್ಟೆ ಸುತ್ತಿದ ಒಬ್ಬ ಲಗಾಮು ಹಿಡಿದು ನಿಂತಿದ್ದಾನೆ. ವೆಬ್‌ಸೈಟ್ ತೆರೆದ ಕೂಡಲೇ ಕಾಣಬೇಕಾದದ್ದು ಆ ಚಿತ್ರ. ನನಗೆ ಒಂದು ತೊಡಕಾಯಿತು. ಕುದುರೆಯ ತಲೆ ಎಡಕ್ಕಿತ್ತು, ನಾನು ಎಡಕ್ಕೆ ಬರೆದಿದ್ದ ಶಾಲೆಯ ಹೆಸರು ಸರಿಯಾಗಿ ಅದರ ಮುಖದ ಮೇಲೆ ಬೀಳುತ್ತಿತ್ತು. ಒಂದು ಗುಂಡಿ ಒತ್ತಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದೆ. ತಲೆ ಬಲಕ್ಕೆ ಹೋಯಿತು, ಎಡಕ್ಕೆ ಖಾಲಿ ಆಕಾಶ ಬಂತು, ಹೆಸರು ಚೆನ್ನಾಗಿ ಕೂತಿತು. ಮೇಡಂ ನೋಡಿ "ಸೂಪರ್" ಎಂದರು. ಎರಡು ದಿನ ಬಿಟ್ಟು ಊರಿನ ದೊಡ್ಡ ಪ್ಲಾಂಟರುಗಳನ್ನೆಲ್ಲ ಕರೆದು ತೋರಿಸುವುದೆಂದಾಯಿತು.

ಹಿಗ್ಗಿನಲ್ಲಿ ಲಾಯಕ್ಕೆ ಓಡಿ ಮೇಷ್ಟ್ರಿಗೂ ತೋರಿಸಿದೆ. ಅವರು ತಾತನನ್ನು ನೋಡಲೇ ಇಲ್ಲ. ಲಗಾಮು ಹಿಡಿದವನನ್ನು ನೋಡಿದರು.

"ಇವ್ನ ಹೆಸ್ರು ಯಾರಿಗೂ ಗೊತ್ತಿಲ್ಲ. ಆದ್ರೆ ಕೆಲಸ ಗೊತ್ತಿದ್ದೋನು. ಕುದುರೆ ಕಿವಿ ನೋಡು, ಮೇಲೆ ಕೂತೋರ ಕಡೆ ಇಲ್ಲ, ಇವ್ನ ಕಡೆ ಇದೆ." ಪರದೆಗೆ ಇನ್ನಷ್ಟು ಬಗ್ಗಿದರು. "ಇಷ್ಟು ಗೊತ್ತಿದ್ದೋನು ಬಲಗಡೆ ಎಂತಕ್ಕೆ ನಿಂತ?"

ಅವರು ಪರದೆಯ ಹತ್ತಿರ ಬೆರಳು ತಂದರು. ಆ ಮನುಷ್ಯನ ಭುಜದ ಮೇಲೆ ಒಂದು ಕಪ್ಪು ಕಲೆ ಇತ್ತು. ನಾನು ಅದನ್ನು ಫೋಟೋ ಹಳತಾದ ಗುರುತು ಎಂದುಕೊಂಡಿದ್ದೆ. ಕಲೆ ಈಗ ಎಡ ಭುಜದ ಮೇಲಿತ್ತು. ಮೇಷ್ಟ್ರು ತಮ್ಮ ಬಲ ಭುಜ ಮುಟ್ಟಿಕೊಂಡು ನನ್ನ ಮುಖ ನೋಡಿದರು.

ನಾಲ್ಕು ದಿನ ಎಡಕ್ಕೆ ನಡೆದವಳು ನಾನು. ನನ್ನ ಭುಜಕ್ಕೂ ಸೀಲ್ ಬಿದ್ದಿತ್ತು. ಆದರೂ ಚಿತ್ರ ತಿರುಗಿಸಿ ಅವನನ್ನು ಬಲಕ್ಕೆ ನಿಲ್ಲಿಸಿದ್ದು ನನಗೆ ಕಾಣಲಿಲ್ಲ.

"ಸಿಪಾಯಿಗಳ ಕತ್ತಿ ಎಡಸೊಂಟಕ್ಕೆ ಇರ್ತಿತ್ತಂತೆ, ಹಂಗಾಗಿ ಎಡಗಡೆಯಿಂದ ಹತ್ತೋರು. ಕತ್ತಿ ಹೋಯ್ತು, ಎಡಗಡೆ ಉಳೀತು. ನಿಂಗೆ ಹಳೇ ಕಾಲ ಬೇಕಲ್ಲ ಮಗಳೇ, ಅದು ಇದೇ. ಚಾ ಬಣ್ಣ ಅಲ್ಲ" ಎಂದರು. ಬರುವವರೆಲ್ಲ ಕುದುರೆ ಬಲ್ಲವರು, ನೋಡಿದ ಕೂಡಲೇ ನಗುತ್ತಾರೆ ಎಂದು ನನಗೆ ಅಳುವೇ ಬಂತು. ಅವರು ದನಿ ತಗ್ಗಿಸಿದರು. "ಇನ್ನೂ ಎರಡು ದಿನ ಇದೆಯಲ್ಲ. ಸರಿ ಮಾಡು. ನಾನು ಹೇಳ್ದೆ ಅಂತ ಹೇಳ್ಬೇಡ, ನೀನೇ ಕಂಡೆ ಅನ್ನು."

ಚಿತ್ರವನ್ನು ಮೊದಲಿನಂತೆ ಮಾಡಿ, ಶಾಲೆಯ ಹೆಸರನ್ನೇ ಬಲಕ್ಕೆ ಒಯ್ದೆ. ಉಳಿದ ಪುಟಗಳನ್ನೆಲ್ಲ ಅದಕ್ಕೆ ತಕ್ಕಂತೆ ಬಿಚ್ಚಿ ಮತ್ತೆ ಕಟ್ಟಿದೆ. ಎಲ್ಲ ಯಾಕೆ ಬದಲಾಯಿತು ಎಂದು ಮೇಡಂ ಕೇಳಿದಾಗ, ಎಡಗಡೆಯ ವಿಷಯ ವಿವರಿಸಿ, ನಾನೇ ಗಮನಿಸಿದೆ ಎಂದೆ. ಮೇಷ್ಟ್ರು ಅಲ್ಲೇ ಜೀನಿಗೆ ಎಣ್ಣೆ ಹಚ್ಚುತ್ತಿದ್ದರು.

"ಎಷ್ಟು ಸೂಕ್ಷ್ಮ ನೋಡಿ ಮೇಷ್ಟ್ರೇ! ಓದಿದವರು ಅಂದ್ರೆ ಇದು. ನಿಮ್ಗೂ ಕಾಣ್ಲಿಲ್ವಲ್ಲ!" ಎಂದರು ಮೇಡಂ.

"ನಂಗೆಲ್ಲಿ ಕಾಣುತ್ತೆ ಅಮ್ಮ, ಕನ್ನಡಕ ಮನೇಲೇ ಬಿಟ್ಟು ಬಂದೆ" ಎಂದು ಮೇಷ್ಟ್ರು ನಕ್ಕರು.

ಅವರಿಗೆ ಕನ್ನಡಕವೇ ಇರಲಿಲ್ಲ. ನಾನು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಬಂದಿದ್ದ ಪ್ಲಾಂಟರುಗಳ ಮುಂದೆಯೂ ಮೇಡಂ ಅದನ್ನೇ ಹೇಳಿದರು. ಆ ಹೊಗಳಿಕೆಯ ಮೇಲೆಯೇ ನನಗೆ ಕೊಟ್ಟಿಗೆಹಾರದಿಂದ, ಕಳಸದಿಂದ ಕೆಲಸಗಳು ಬಂದವು. ಆಮೇಲೂ ವಾರಕ್ಕೊಮ್ಮೆ ಲಾಯಕ್ಕೆ ಹೋಗುತ್ತಿದ್ದೆ. ಹೋದಾಗಲೆಲ್ಲ ಹೇಳಿಬಿಡೋಣ ಎಂದುಕೊಂಡು, "ಮೇಡಂಗೆ ನಿಜ ಹೇಳ್ತೀನಿ ಮೇಷ್ಟ್ರೇ" ಎಂದರೆ, "ಸುಮ್ನಿರು ಮಾರಾಯ್ತಿ, ಆ ಕುದುರೆ ಮೇಯೋಕೆ ಹೋಗಿ ಆಯ್ತು" ಎನ್ನುತ್ತಿದ್ದರು.

ಹೋದ ವರ್ಷ ಕಾಫಿ ಹೂ ಬಿಟ್ಟ ವಾರ ಮೇಷ್ಟ್ರು ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ಗಂಡಸರು ಖಬರಸ್ತಾನದೊಳಗೆ ಹೋದರು. ಮೇಡಂ ಮತ್ತು ನಾನು ಹೊರಗೆ ಗೋಡೆಯ ಪಕ್ಕ ನಿಂತಿದ್ದೆವು. ಅಲ್ಲಿ ಹೇಳಿದೆ. ಫೋಟೋದ ತಪ್ಪು ಹಿಡಿದದ್ದು ನಾನಲ್ಲ, ಅವರು ಎಂದೆ.

ಮೇಡಂ ಗೋಡೆಯ ಮೇಲೆ ಕೈಯಿಟ್ಟರು. ಆಮೇಲೆ, "ಏಳು ವರ್ಷದವಳಿದ್ದಾಗ ನನ್ನನ್ನ ಎಡಗಡೆಯಿಂದ ಹತ್ತಿಸಿದ್ದು ಅವ್ರು. ಆ ಫೋಟೋ ನಾನು ಹುಟ್ಟಿದಾಗಿಂದ ಗೋಡೆ ಮೇಲೆ ನೋಡಿದ್ದೀನಿ. ನೀನು ತಿರುಗಿಸಿ ತಂದಾಗ ಸೂಪರ್ ಅಂದವಳು ನಾನೇ ಅಲ್ವಾ?" ಎಂದರು.

ಮೇಷ್ಟ್ರು ಕಾಪಾಡಿದ್ದು ನನ್ನೊಬ್ಬಳನ್ನೇ ಅಲ್ಲ ಎಂದು ನನಗೆ ತಿಳಿದದ್ದು ಆಗ. ಅವರು ಬಾಯಿ ಬಿಟ್ಟಿದ್ದರೆ ತಾವೇ ಕಲಿಸಿದ ಹುಡುಗಿಯೂ ತಲೆ ತಗ್ಗಿಸಬೇಕಿತ್ತು.

ಆ ವೆಬ್‌ಸೈಟಿನಲ್ಲಿ ಅಲ್ಲಿಯವರೆಗೆ ಮೇಷ್ಟ್ರ ಚಿತ್ರ ಇರಲಿಲ್ಲ. "ಕುದುರೆಗಳ್ದು ಹಾಕು, ಸಾಕು" ಎಂದುಬಿಟ್ಟಿದ್ದರು. ನನ್ನ ಫೋನಿನಲ್ಲಿ ಒಂದೇ ಒಂದು ಇತ್ತು. ಮುದಿ ಕುದುರೆಯನ್ನು ನಡೆಸಿಕೊಂಡು ಹೋಗುವಾಗ ಹಿಂದಿನಿಂದ ತೆಗೆದದ್ದು. ಮುಖ ಅರ್ಧ ಮಾತ್ರ ಕಾಣುತ್ತದೆ. ಈಗ ಅದು ತಾತನ ಚಿತ್ರದ ಕೆಳಗಿದೆ. ಅದರಡಿಯಲ್ಲಿ, ಮೇಲಿನ ಚಿತ್ರದ ತಪ್ಪು ತಿದ್ದಿದವರು ಇವರು ಎಂದು ಬರೆದಿದ್ದೇನೆ. ಅವರ ಹೆಸರನ್ನೂ ಬರೆದಿದ್ದೇನೆ. ಲಗಾಮು ಹಿಡಿದ ಇನ್ನೊಬ್ಬರು ಹೆಸರಿಲ್ಲದೆ ಉಳಿಯುವುದು ಬೇಡ ಅನ್ನಿಸಿತು.

ಚಿತ್ರ ಹಾಕುವಾಗ ಮೇಡಂ ಪಕ್ಕದಲ್ಲೇ ಕೂತಿದ್ದರು.

"ಅಂಗಿ ಮೇಲಿನ ಕಲೆ ತೆಗೀಬೋದಾ?" ಎಂದು ಕೇಳಿದರು.

"ತೆಗೀಬೋದು ಮೇಡಂ. ಎರಡು ನಿಮಿಷದ ಕೆಲಸ."

"ಬೇಡ" ಎಂದರು.

ಕಲೆ ಹಾಗೇ ಇದೆ, ಬಲಗಡೆಯೇ.