ಗದಿಗೆವ್ವ ವಾಪಸು ಪಡೆದ ಡಬ್ಬಿಗಳು

ಬ್ಯಾಡಗಿಯ ಗದಿಗೆವ್ವ ತಾನು ಬಳಸಿ ನೋಡದ ಯಾವುದನ್ನೂ ಮಾರುತ್ತಿರಲಿಲ್ಲ. ಬಳೆ, ಸೋಪು, ಪೌಡರು ಮಾರುವ ಅವಳ ಅಂಗಡಿಗೆ ಹೆಸರು ಬಂದದ್ದೇ ಹೀಗೆ. ಹೊಸ ಶಾಂಪೂ ಬಂದರೆ ಮೊದಲು ಅವಳ ತಲೆ, ಹೊಸ ಟೂತ್‌ಪೇಸ್ಟಾದರೆ ಗಂಡ ಕೊಟ್ರೇಶನ ಹಲ್ಲು. ಕೊಟ್ರೇಶ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಹಾಕುವವನು; ಅವನ ಬಾಯಿಗೆ ಯಾವ ಪೇಸ್ಟಾದರೂ ಒಂದೇ ರುಚಿ.

ರಾಣೆಬೆನ್ನೂರಿನಿಂದ ಬೈಕಿನಲ್ಲಿ ಬರುತ್ತಿದ್ದ ಮಾರಾಟಗಾರ ಒಮ್ಮೆ ಪುಟ್ಟ ಕ್ರೀಮಿನ ಡಬ್ಬಿಗಳನ್ನು ಇಟ್ಟುಹೋದ. ಮುಚ್ಚಳದ ಮೇಲೆ ನಗುವ ಬೆಳ್ಳನೆಯ ಹೆಂಗಸು. ಯಾರು ಮಾಡಿದ್ದು, ಏನು ಹಾಕಿದ್ದು, ಒಂದಕ್ಷರವಿಲ್ಲ. ಗದಿಗೆವ್ವ ಪದ್ಧತಿಯಂತೆ ಹಚ್ಚಿಕೊಂಡಳು. ಹುಟ್ಟಿದಾಗಿನಿಂದ ಕಪ್ಪಗಿದ್ದ ಮುಖ ಕೆಲವೇ ವಾರಗಳಲ್ಲಿ ಬೆಳ್ಳಗಾಯಿತು. ಕೈಗಳು ಮೊದಲಿನಂತೆಯೇ ಉಳಿದವು. ಬಣ್ಣದ ಬಗ್ಗೆ ಜೀವನವಿಡೀ ಚುಚ್ಚಿದ್ದ ಅತ್ತೆ ಆಗಲೇ ತೀರಿಹೋಗಿದ್ದಳು. ಅದೊಂದು ಕೊರತೆ ಎಂದು ಗದಿಗೆವ್ವನಿಗೆ ಒಂದೆರಡು ಸಲ ಅನ್ನಿಸಿತು.

ಡಬ್ಬಿ ಮಾರಲು ಮಾತೇ ಬೇಕಾಗಲಿಲ್ಲ. ಹೆಂಗಸರು ಅವಳ ಮುಖ ನೋಡುತ್ತಿದ್ದರು, ಅವಳು ಡಬ್ಬಿಯತ್ತ ಕೈ ತೋರಿಸುತ್ತಿದ್ದಳು.

ಬೇಸಿಗೆಗೆ ಚಪ್ಪಲಿ ಬಿಗಿಯಾದವು. ಹೊಸವು ತಂದಳು, ಅವೂ ಬಿಗಿಯಾದವು. ಗದಿಗೆವ್ವ ಚಪ್ಪಲಿ ಅಂಗಡಿಯವನನ್ನು ಬೈದಳು. ಸೊಸೆ ಸ್ನೇಹಾ ಮಾತ್ರ ಅವಳನ್ನು ಹಾವೇರಿಗೆ, ಡಾಕ್ಟರ್ ಮೃಣಾಲಿನಿಯವರ ಬಳಿಗೆ ಕರೆದೊಯ್ದಳು.

ಮೂತ್ರದ ಪರೀಕ್ಷೆ ನೋಡಿ ಡಾಕ್ಟರ್ ಕೇಳಿದರು: "ಮುಖಕ್ಕ ಏನರ ಹಚ್ಚತೀರೇನ್ರಿ?"

"ಬಾತಿದ್ದು ಕಾಲು ರೀ. ಮುಖಾ ಚಲೋ ಐತಿ."

"ಅದಕ್ಕ ಕೇಳಾಕತ್ತೇನ್ರಿ."

ರಕ್ತದ ಪರೀಕ್ಷೆಯೂ ಬಂದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು: "ನಿಮ್ಮ ಕ್ರೀಮಿನ್ಯಾಗ ಪಾದರಸ ಐತ್ರಿ. ಚರ್ಮದಾಗಿಂದ ಒಳಗ ಇಳದು ಕಿಡ್ನಿಗೆ ಹತ್ತೇತಿ."

"ಥರ್ಮಾಮೀಟರಿನ್ಯಾಗ ಇರ್ತೈತಲ್ರಿ, ಅದ?"

"ಅದ ರೀ."

"ನನಗ ಜ್ವರಾ ಬಂದಿದ್ದಿಲ್ಲಲ್ರಿ."

ಡಾಕ್ಟರ್ ನಗಲಿಲ್ಲ. ಇವತ್ತೇ ಬಿಡಬೇಕೆಂದು ಹೇಳಿ, ಬೇರೆ ಯಾರಾದರೂ ಹಚ್ಚುತ್ತಾರೆಯೇ ಎಂದು ವಿಚಾರಿಸಿದರು. ಮನೆಯಲ್ಲಿ ಯಾರೂ ಹಚ್ಚುವುದಿಲ್ಲ ಎಂದಳು ಗದಿಗೆವ್ವ. ಬಸ್ಸಿನಲ್ಲಿ ಕುಳಿತ ಮೇಲೆ ಡಬ್ಬಿ ಕೊಂಡ ಊರ ಹೆಂಗಸರು ನೆನಪಾದರು. ಕಿಟಕಿಯ ಕಡೆ ತಿರುಗಿ ಅತ್ತಳು. ಕಾಲು ನೋಯುತ್ತಿದೆಯೇ ಎಂದು ಸ್ನೇಹಾ ಕೇಳಿದಾಗ ಹೌದೆಂದಳು.

ಮರುದಿನ ಮೊದಲು ಹೋದದ್ದು ಓಣಿಯಲ್ಲಿ ಬಟ್ಟೆ ಹೊಲಿಯುವ ಗೆಳತಿ ದೌಲತಬಿಯ ಮನೆಗೆ.

"ಆ ಡಬ್ಬಿ ವಾಪಸ್ ಕೊಡವಾ."

"ಯಾಕ? ರೇಟ್ ಏರಿಸಾಕತ್ತೀಯೇನು?" ಎಂದಳು ದೌಲತಬಿ. "ನಿನ್ನ ಮುಖಾ ನೋಡೇ ತಗೊಂಡೇನಿ ನಾ."

ಗದಿಗೆವ್ವ ಸೀರೆ ಸ್ವಲ್ಪ ಎತ್ತಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದಲ್ಲಿ ತಗ್ಗಾಗಿ ಕುಣಿ ಬಿತ್ತು. ಇಬ್ಬರೂ ನೋಡುತ್ತ ಕುಳಿತರು. ಕುಣಿ ತುಂಬಲಿಲ್ಲ.

"ಯಾ ಅಲ್ಲಾ," ಎಂದು ದೌಲತಬಿ ಎದ್ದು ಡಬ್ಬಿ ತಂದಳು.

ಅಂದಿನಿಂದ ಗದಿಗೆವ್ವ ಮನೆಮನೆಗೆ ಹೋಗಿ ಕಾಲು ತೋರಿಸಿದಳು. ಕೆಲವರು ಚಹಾ ಕೊಟ್ಟರು, ಕೆಲವರು ಬೈದರು. ಬೈದವರೂ ಡಬ್ಬಿ ಕೊಟ್ಟರು.

ಕರ್ಜಗಿ ಊರಿಗೆ ಹೋದ ಒಂದು ಡಬ್ಬಿ ಮಾತ್ರ ಉಳಿದಿತ್ತು. ಮದುವೆ ಗೊತ್ತಾದ ಹುಡುಗಿಯೊಬ್ಬಳು ಒಯ್ದದ್ದು. ಅವಳ ಮನೆ ಪತ್ತೆಯಾಗುವ ಹೊತ್ತಿಗೆ ಗದಿಗೆವ್ವನ ಬಾವು ಇಳಿದುಬಿಟ್ಟಿತ್ತು. ಬೆರಳು ಒತ್ತಿದರೆ ಕುಣಿಯೇ ಬೀಳಲಿಲ್ಲ. ಬಾಯಲ್ಲೇ ಹೇಳಬೇಕಾಯಿತು.

ಹುಡುಗಿ ಎಲ್ಲ ಕೇಳಿ, "ಈಗ ನೀವು ಆರಾಮ ಅದೀರಲ್ರಿ. ಮತ್ತ್ಯಾಕ ಅಂಜಬೇಕು?" ಎಂದಳು.

ಗದಿಗೆವ್ವ ಎತ್ತಿದ್ದ ಸೀರೆಯ ಅಂಚು ಕೆಳಗೆ ಬಿಟ್ಟಳು. "ನಾ ಬಿಟ್ಟೇನಿ, ಅದಕ್ಕ ಆರಾಮ ಅದೇನಿ," ಎಂದಳು. "ಈಗ ಮುಖಾ ಮತ್ತ ಕರ್ರಗಾಗೇತಿ. ಅದನ್ನ ನೋಡಿ ನಮ್ಮ ಮನಿಯಾಗ ಯಾರೂ ಊಟಾ ಬಿಟ್ಟಿಲ್ಲವ್ವಾ."

ಹುಡುಗಿಗೆ ನಗು ಬಂತು. ಅವಳ ತಾಯಿ ಒಳಗೆ ಹೋಗಿ ಡಬ್ಬಿ ತಂದು ಗದಿಗೆವ್ವನ ಕೈಗಿಟ್ಟಳು.

ಡಬ್ಬಿಗಳನ್ನೆಲ್ಲ ಚೀಲದಲ್ಲಿ ತುಂಬಿ ಗದಿಗೆವ್ವ ಹಾವೇರಿಯ ಔಷಧ ನಿಯಂತ್ರಣ ಕಚೇರಿಗೆ ಒಯ್ದಳು. ಚರಂಡಿಗೆ ಚೆಲ್ಲಬಾರದು, ಅಲ್ಲಿಗೇ ಕೊಡಬೇಕು ಎಂದು ಡಾಕ್ಟರ್ ಹೇಳಿದ್ದರು. ಅಧಿಕಾರಿ ಚೀಲದೊಳಗೆ ಇಣುಕಿ ಗಾಬರಿಯಾದರು.

"ಇಷ್ಟೆಲ್ಲಾ ಯಾರು ಮಾರಿದ್ರವಾ?"

"ನಾನ ರೀ," ಎಂದು ಗದಿಗೆವ್ವ ಕುರ್ಚಿ ಎಳೆದುಕೊಂಡು ಕುಳಿತಳು.