ನನ್ನಣ್ಣ ಹಿಡಿದಿಟ್ಟ ಸ್ವರ

ನನ್ನಣ್ಣ ಆರ್ವಿಲ್ ಟ್ಯಾಕೆಟ್ ಬಗ್ಗೆ ಗಿಟಾರ್ ಪತ್ರಿಕೆಗಳಲ್ಲಿ ಏನೇನೋ ಬರೆದಿದ್ದಾರೆ. ಅರ್ಧ ಸುಳ್ಳು, ಉಳಿದರ್ಧ ಊಹೆ. ಒಂದೇ ತಟ್ಟೆಯಲ್ಲಿ ತಿಂದು ಬೆಳೆದ ತಂಗಿ ಓಲೀಟಾ ಅಂತ ಒಬ್ಬಳಿದ್ದಾಳೆ, ಅವಳನ್ನು ಕೇಳೋಣ ಎಂದು ಯಾರಿಗೂ ಅನ್ನಿಸಲಿಲ್ಲ. ಕೇಳಿದ್ದರೂ ನಾನು ನಿಜ ಹೇಳುತ್ತಿರಲಿಲ್ಲ, ಅದು ಬೇರೆ ಮಾತು.

ಅಪ್ಪ ಅಮ್ಮ ಒಕ್ಲಹೋಮ ಬಿಟ್ಟು ಬೇಕರ್ಸ್‌ಫೀಲ್ಡ್‌ಗೆ ಬಂದಾಗ ಆರ್ವಿಲ್‌ಗೆ ಐದು ವರ್ಷ, ನಾನಿನ್ನೂ ಹೊಟ್ಟೆಯಲ್ಲಿದ್ದೆ. ಬೆಳೆದದ್ದು ಹತ್ತಿ ಬಿಡಿಸುವವರ ಬಿಡಾರದಲ್ಲಿ. ಭಾನುವಾರ ಮಧ್ಯಾಹ್ನ ಅವನು ಅಪ್ಪನ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಚಾಕುವಿನ ಹಿಡಿಯನ್ನು ತಂತಿಯ ಮೇಲೆ ಜಾರಿಸುತ್ತಾ ನುಡಿಸುತ್ತಿದ್ದ. ನಾನು ಧೂಳೆಬ್ಬಿಸಿ ಕುಣಿಯುತ್ತಿದ್ದೆ. ಅವನು ತಂತಿ ನೋಡುತ್ತಿರಲಿಲ್ಲ, ನನ್ನ ಪಾದ ನೋಡುತ್ತಿದ್ದ. ಆ ಅಭ್ಯಾಸ ಕೊನೆಯವರೆಗೂ ಅವನನ್ನು ಬಿಡಲಿಲ್ಲ.

ದೊಡ್ಡವನಾಗಿ ನೀರಾವರಿ ಪಂಪು ರಿಪೇರಿ ಅಂಗಡಿಗೆ ಸೇರಿದ. ಅಲ್ಲಿ ಬಿದ್ದಿದ್ದ ಸರಳು, ಸ್ಪ್ರಿಂಗು, ಹಳೆ ಟ್ರಕ್ಕಿನ ಪೆಡಲ್ಲು ಎಲ್ಲ ಜೋಡಿಸಿ ತನ್ನ ಪೆಡಲ್ ಸ್ಟೀಲ್ ಗಿಟಾರನ್ನು ತಾನೇ ಕಟ್ಟಿದ. ಅದು ನಾಲ್ಕು ಕಾಲಿನ ಮೇಲೆ ಅಂಗಾತ ಮಲಗಿರುವ ಗಿಟಾರು. ಎಡಗೈಯಲ್ಲಿ ಉಕ್ಕಿನ ತುಂಡು ಜಾರಿಸಬೇಕು, ಬಲಗೈಯಲ್ಲಿ ಮೀಟಬೇಕು, ಪಾದದಲ್ಲಿ ಪೆಡಲ್ ಒತ್ತಿ ಸ್ವರ ಏರಿಸಬೇಕು, ಮೊಣಕಾಲಲ್ಲಿ ತಳ್ಳಿ ಇಳಿಸಬೇಕು. ಕೈಕಾಲು ನಾಲ್ಕಕ್ಕೂ ಕೆಲಸ, ಬಾಯಿಗೆ ಮಾತ್ರ ರಜೆ. ಆರ್ವಿಲ್‌ಗೆಂದೇ ಹೇಳಿ ಮಾಡಿಸಿದಂತಿತ್ತು.

ಊರಾಚೆ 'ಬ್ಲೂ ಮ್ಯೂಲ್' ಎಂಬ ಬಾರಿನಲ್ಲಿ ವಾರಕ್ಕೆ ನಾಲ್ಕು ದಿನ ಅವನು ನುಡಿಸುತ್ತಿದ್ದ, ನಾನು ಬಿಯರ್ ಕೊಡುತ್ತಿದ್ದೆ, ಕೈ ಬಿಡುವಾದಾಗ ಕುಣಿಯುತ್ತಿದ್ದೆ. ನಮ್ಮ ಜಿಲ್ಲೆ ಕರ್ನ್ ಕೌಂಟಿಯಲ್ಲಿ ನನ್ನಷ್ಟು ಚೆನ್ನಾಗಿ ಕುಣಿಯುವವಳು ಇನ್ನೊಬ್ಬಳಿರಲಿಲ್ಲ. ಜಂಭ ಅಂದುಕೊಂಡರೆ ಅಂದುಕೊಳ್ಳಿ. ಅಲ್ಲಿ ಜನ ಬರುತ್ತಿದ್ದದ್ದೇ ಕುಣಿಯುವುದಕ್ಕೆ. ಎಣ್ಣೆ ಏರಿಸಿದ ಯಾವನೋ ತೈಲಬಾವಿ ಕೆಲಸಗಾರ ಹೆಂಡತಿಯ ಕಾಲು ತುಳಿದು ತಡವರಿಸಿದನೆನ್ನಿ, ಆರ್ವಿಲ್ ಸ್ವರವನ್ನು ಹಾಗೇ ಹಿಡಿದಿಟ್ಟು, ಇಬ್ಬರೂ ಸುಧಾರಿಸಿಕೊಂಡ ಮೇಲೆ ಬಿಡುತ್ತಿದ್ದ. ಮಿಕ್ಕ ವಾದ್ಯದವರೂ ಅವನನ್ನೇ ನೋಡಿಕೊಂಡು ನಿಲ್ಲುತ್ತಿದ್ದರು. ತಡವರಿಸಿದವನಿಗೆ ತಾನು ಬೀಳಲಿದ್ದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಅರವತ್ತೆಂಟರಲ್ಲಿ ಲಾಸ್ ಏಂಜಲೀಸ್‌ನಿಂದ ಒಬ್ಬ ಹುಡುಗ ಬಂದ. ಹೆಸರು ಟೋಬಿ ಲಾರ್ಕಿನ್, ಹೆಗಲ ತನಕ ಕೂದಲು, ಕೊರಳಲ್ಲಿ ಮಣಿಸರ. ರಾಕ್ ವಾದ್ಯತಂಡದವನು. ನಮ್ಮ ಗಿರಾಕಿಗಳು ಅವನನ್ನು ನೋಡಿ, "ಯಾರ ಮಗಳಪ್ಪಾ ಇವಳು?" ಎಂದು ಕಿಚಾಯಿಸಿದರು. ಅವನೂ ನಕ್ಕ. ಹಾಡುಕುಣಿತ ಮುಗಿದ ಮೇಲೆ ಆರ್ವಿಲ್ ಎದುರು ಬಂದು ನಿಂತ.

"ಸರ್, ನಮ್ಮ ರೆಕಾರ್ಡಿಗೆ ಒಂದು ಹಾಡು ನುಡಿಸಿ. ರಾಕ್‌ನಲ್ಲಿ ಸ್ಟೀಲ್ ಗಿಟಾರ್ ಯಾಕೆ ಅಂತ ಕಂಪನಿಯೋರು ಕೂಗಾಡ್ತಿದಾರೆ. ಬೇಡಿಕೊಂಡು ಒಂದು ಗಂಟೆ ಟೈಮ್ ತಗೊಂಡಿದೀನಿ."

ಆರ್ವಿಲ್‌ಗೆ ಆಗ ಮೂವತ್ತೈದು. ನಮ್ಮ ಊರಿನಾಚೆ ಯಾರೂ ಅವನು ನುಡಿಸಿದ್ದನ್ನು ಕೇಳಿರಲಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ ಪಂಪಂಗಡಿಗೆ ರಜೆ ಹಾಕಿದ, ಅಂಗಿಗೆ ತಾನೇ ಇಸ್ತ್ರಿ ಮಾಡಿಕೊಂಡ. ಆ ಗಿಟಾರಿನ ಪೆಟ್ಟಿಗೆ ಒಬ್ಬರು ಎತ್ತುವ ಮಾಲಲ್ಲ. ಇನ್ನೊಂದು ತುದಿ ಹಿಡಿಯುವುದಕ್ಕೆಂದು ನಾನು ಹೋದೆ.

ಹಾಲಿವುಡ್ಡಿನ ಆ ಸ್ಟುಡಿಯೊದಲ್ಲಿ ಟೋಬಿಯ ತಂಡದವರೆಲ್ಲ ಅದೇ ಕೋಣೆಯಲ್ಲಿದ್ದರು, ಆರ್ವಿಲ್‌ನನ್ನು ಮಾತ್ರ ಹೆಡ್‌ಫೋನ್ ಹಾಕಿ ಗೋಡೆಗೆ ಮುಖ ಮಾಡಿ ಕೂರಿಸಿದರು. ಅವನು ನುಡಿಸಿದ. ಸ್ವರವೆಲ್ಲ ಸರಿಯಾಗಿತ್ತು, ಜೀವ ಇರಲಿಲ್ಲ. ಎರಡು ಸಲ, ನಾಲ್ಕು ಸಲ, ಏಳು ಸಲ ನುಡಿಸಿದರೂ ಅದೇ ಕಥೆ. ಗಾಜಿನಾಚೆ ಕೂತಿದ್ದ ಕಂಪನಿಯ ಹೆಸ್ಲಿನ್ ಮೈಕಿನಲ್ಲೇ ಗೊಣಗಿದ: "ಟೋಬಿ, ನಿಮ್ಮ ಪಂಪಿನೋನು ಆ ಮೇಜನ್ನ ನುಡಿಸ್ತಿದಾನೋ, ರಿಪೇರಿ ಮಾಡ್ತಿದಾನೋ? ಇನ್ನು ಹತ್ತು ನಿಮಿಷ. ಆಗ್ಲಿಲ್ಲ ಅಂದ್ರೆ ಆರ್ಗನ್ ಹಾಕಿ ಮುಗಿಸೋದೇ."

ಆರ್ವಿಲ್‌ನ ಕಿವಿ ಕೆಂಪಾಯಿತು. ನಾನು ಹತ್ತಿರ ಹೋಗಿ ಕೇಳಿದೆ: "ಏನಾಗಿದೆ ನಿಂಗೆ?"

"ಇಲ್ಲಿ ಕಾಲೇ ಇಲ್ಲ ಕಣೇ."

"ಏನು?"

"ನೋಡೋಕೆ ಒಂದು ಜೊತೆ ಕಾಲಿಲ್ಲ. ಗೋಡೆ ನೋಡ್ಕೊಂಡು ಯಾರಿಗೆ ಅಂತ ನುಡಿಸ್ಲಿ?"

"ಅಷ್ಟೇ ತಾನೆ! ಮೊದ್ಲೇ ಬೊಗಳೋಕೆ ಏನಾಗಿತ್ತು?"

ಅವನ ಕುರ್ಚಿಯನ್ನು ಈ ಕಡೆ ತಿರುಗಿಸಿದೆ. ಬೂಟಿನ ಸದ್ದು ಮೈಕಿಗೆ ಬೀಳುತ್ತದೆ ಎಂದು ಬಿಚ್ಚಿ ಎಸೆದು, ಬರೀ ಕಾಲುಚೀಲದಲ್ಲಿ ನಿಂತೆ. ಹೆಸ್ಲಿನ್ ಎದ್ದು ನಿಂತು ಏನೋ ಕೂಗಿದ, ಗಾಜಿನಾಚೆಯಿಂದ ಕೇಳಿಸಲಿಲ್ಲ. ಟೋಬಿ ಹಾಡು ಶುರು ಮಾಡಿಯೇಬಿಟ್ಟ.

ಸ್ಟೀಲ್ ಬರುವ ಹೊತ್ತಿಗೆ ನಾನು ಕುಣಿಯತೊಡಗಿದೆ. ಆರ್ವಿಲ್‌ನ ಕಣ್ಣು ನನ್ನ ಪಾದಕ್ಕೆ ಬಿತ್ತು. ಮೊದಲ ಸ್ವರಕ್ಕೇ ಡ್ರಮ್ಮಿನ ಹುಡುಗ ತಲೆಯೆತ್ತಿ ನೋಡಿದ. ನಮ್ಮ ಬಿಡಾರದ ಭಾನುವಾರ ಆ ತಂಪು ಕೋಣೆಗೆ ಬಂದಿತ್ತು. ನನಗೆ ಅಳುವೇ ಬಂತು. ಆ ಅಳುವಿನಲ್ಲೋ, ಮೇಣ ತಿಕ್ಕಿದ ನೆಲದ ದೆಸೆಯಿಂದಲೋ, ಗಿರ್ರನೆ ತಿರುಗುವಾಗ ಕಾಲು ಜಾರಿ ಮಂಡಿಯೂರಿ ಬಿದ್ದೆ.

ಆರ್ವಿಲ್ ಸ್ವರವನ್ನು ಹಿಡಿದಿಟ್ಟ. ಪೆಡಲ್ ಅರ್ಧಕ್ಕೆ ಒತ್ತಿದ್ದದ್ದು ಅರ್ಧಕ್ಕೇ ನಿಂತಿತು. ಸ್ವರ ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ತುಂಬಿಕೊಳ್ಳುತ್ತಾ ಹೋಯಿತು. ಡ್ರಮ್ಮಿನ ಹುಡುಗನ ಕೋಲು ಮೇಲೆತ್ತಿದ್ದು ಮೇಲೆಯೇ ಇತ್ತು. ನಾನು ಎದ್ದು, ಲಂಗ ಸರಿ ಮಾಡಿಕೊಂಡು, ಸುತ್ತು ಪೂರ್ತಿ ಮಾಡಿದೆ. ಆಗ ಬಿಟ್ಟ ನೋಡಿ!

ಮತ್ತೊಮ್ಮೆ ನುಡಿಸಲು ಹೊತ್ತಿರಲಿಲ್ಲ. ಹೆಸ್ಲಿನ್ ಟೇಪನ್ನು ಹಿಂದಕ್ಕೆ ತಿರುಗಿಸಿ ಎರಡು ಸಲ ಕೇಳಿ, "ಇರ್ಲಿ, ಇದೇ ಇರ್ಲಿ" ಎಂದ. ಊರಿಗೆ ಮರಳುವ ದಾರಿಯುದ್ದಕ್ಕೂ ನಾನು, "ಎಲ್ಲಾ ಕೆಡಿಸ್ಬಿಟ್ಟೆ, ಆರ್ವಿಲ್" ಎಂದು ಅತ್ತೆ.

"ಸುಮ್ನಿರೇ," ಎಂದ ಅವನು. "ಬಿದ್ದೋರನ್ನ ಬಿಟ್ಟು ಹೋಗೋಕೆ ಅದೇನು ರೈಲಾ?"

ಆ ರೆಕಾರ್ಡು ಹೆಚ್ಚೇನೂ ಓಡಲಿಲ್ಲ. ಆದರೆ ಕೇಳಬೇಕಾದವರು ಕೇಳಿದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ರೇಡಿಯೊ ತಿರುಗಿಸಿದರೆ ಸಾಕು, ಉದ್ದ ಕೂದಲಿನ ತಂಡಗಳ ಹಾಡಿನಲ್ಲೆಲ್ಲ ಸ್ಟೀಲ್ ಇತ್ತು, ಆ ಸ್ಟೀಲ್ ಎಲ್ಲೋ ಒಂದು ಕಡೆ ಹಾಗೇ ನಿಂತು ಆಮೇಲೆ ಮುಂದೆ ಹೋಗುತ್ತಿತ್ತು. ಅದಕ್ಕೆ 'ಟ್ಯಾಕೆಟ್ ತಡೆ' ಎಂದು ಹೆಸರು ಬಿತ್ತು. ತಾಳದ ಲೆಕ್ಕದಲ್ಲಿ ಎರಡೂಕಾಲು ಪೆಟ್ಟು ಎಂದು ಒಬ್ಬ ಅಳೆದ. ಒಕ್ಲಹೋಮದ ಗಾಳಿಯ ನೆನಪು ಎಂದು ಇನ್ನೊಬ್ಬ ಬರೆದ. ಕಲಿಯಲು ಬಂದವರಿಗೆ ಆರ್ವಿಲ್ ಪಂಪಂಗಡಿಯಲ್ಲಿ ಗ್ರೀಸಿನ ಕೈಯಲ್ಲೇ ಎಲ್ಲ ತೋರಿಸುತ್ತಿದ್ದ. ಮೊದಲು ಮಾತ್ರ, "ಕುಣಿಯೋಕೆ ಬರುತ್ತಾ?" ಎಂದು ಕೇಳುತ್ತಿದ್ದ. ತಮಾಷೆ ಅಂದುಕೊಂಡು ನಗುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಕರ್ನ್ ಕೌಂಟಿಗೇ ಮೊದಲ ಕುಣಿತಗಾತಿಯಾದ ನಾನು ಜಾರಿಬಿದ್ದೆ ಎಂದು ಡಂಗುರ ಹೊಡೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ನನ್ನ ಮರ್ಯಾದೆ ಕಾಯಲೆಂದೇ ಅವನೂ ಹೇಳಲಿಲ್ಲ.

ತೊಂಬತ್ತೊಂಬತ್ತರಲ್ಲಿ ನಮ್ಮೂರಿನ ಹೋಟೆಲೊಂದರಲ್ಲಿ ಸ್ಟೀಲ್ ನುಡಿಸುವವರೆಲ್ಲ ಸೇರಿ ಅವನಿಗೆ ಸನ್ಮಾನ ಇಟ್ಟುಕೊಂಡರು. ಅಷ್ಟರಲ್ಲಿ ಲಕ್ವ ಹೊಡೆದು ಅವನ ಎಡಗೈ, ಎಡಗಾಲು ಮಾತು ಕೇಳುತ್ತಿರಲಿಲ್ಲ. ಸಾಲು ಕುರ್ಚಿಗಳಲ್ಲಿ ಇನ್ನೂರು ಜನ ಕೈಕಟ್ಟಿ ಕೂತಿದ್ದರು. ಜ್ಯಾರೆಡ್ ಎಂಬ ಇಪ್ಪತ್ತೈದರ ಹುಡುಗ ತಂತಿಯಿಂದ ಕಣ್ಣು ಕೀಳದೆ ಆ ಹಾಡನ್ನು ನುಡಿಸಿದ. ತಡೆ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಜನ ಎದ್ದು ಚಪ್ಪಾಳೆ ಹೊಡೆದರು.

ಆರ್ವಿಲ್‌ನ ಮುಖ ಬಾಡಿತ್ತು. "ಅವ್ನು ಯಾರಿಗೂ ಕಾಯ್ತಿಲ್ಲ, ಓಲೀಟಾ," ಎಂದ. "ಬರೀ ನಿಲ್ತಾ ಇದಾನೆ. ನಾನು ಬಿಟ್ಟು ಹೋಗೋದು ಇಷ್ಟೇನಾ?"

ನನಗೆ ಕೂರಲಾಗಲಿಲ್ಲ. ಎದ್ದೆ. "ಕೇಳ್ರಪ್ಪಾ ಎಲ್ರೂ! ಅದು ತಾಳನೂ ಅಲ್ಲ, ಗಾಳೀನೂ ಅಲ್ಲ. ನಾನು ಕುಣಿಯುವಾಗ ಜಾರಿಬಿದ್ದೆ. ನಾನು ಏಳೋ ತನಕ ಇವ್ನು ಕಾದ. ಅಷ್ಟೇ!"

ಮೂವತ್ತೊಂದು ವರ್ಷ ಕಾಪಾಡಿಕೊಂಡ ಜಂಭ ಹೋಯಿತು, ಮೈ ಹಗುರಾಯಿತು. ಬೂಟು ಬಿಚ್ಚಿದೆ. "ಜ್ಯಾರೆಡ್, ನುಡಿಸಪ್ಪ. ತಂತಿ ಓಡಿಹೋಗಲ್ಲ, ನನ್ನ ಕಾಲು ನೋಡು."

ಆ ಜಾಗ ಬಂದಾಗ ಅವನು ಅಭ್ಯಾಸಬಲದಿಂದ ನಿಂತ. ನಾನು ಆಗಲೇ ಸುತ್ತು ಮುಗಿಸಿ ಸೊಂಟಕ್ಕೆ ಕೈಯಿಟ್ಟು ಅವನಿಗಾಗಿ ಕಾಯುತ್ತಿದ್ದೆ. ಸಭೆ ಗೊಳ್ಳೆಂದಿತು. ಅವನೂ ನಕ್ಕ. "ಸಾರಿ, ಮೇಡಂ. ಇನ್ನೊಂದ್ಸಲ," ಎಂದು ಮತ್ತೆ ಶುರು ಮಾಡಿದ, ಈ ಸಲ ತಲೆಯೆತ್ತಿಕೊಂಡು.

ಆಗ ಆರ್ವಿಲ್ ತನ್ನ ಊರುಗೋಲನ್ನು ಕುರ್ಚಿಗೆ ಒರಗಿಸಿ ಎದ್ದು ಬಂದ. ಹುಟ್ಟಿದಾಗಿನಿಂದ ನಾನು ಕುಣಿದದ್ದೆಲ್ಲ ಅವನು ನುಡಿಸಿದ್ದಕ್ಕೆ. ಅವನ ಜೊತೆ ಕುಣಿದದ್ದು ಅದೇ ಮೊದಲು. ಅವನ ಒಳ್ಳೆಯ ಕೈ ಹಿಡಿದೆ. ಮೆಲ್ಲಗೆ ತಿರುಗುವಾಗ ಅವನ ಎಡಗಾಲು ನೆಲಕ್ಕೆ ಅಂಟಿಕೊಂಡಿತು. ಅವನು ವಾಲಿದ, ನಾನು ಆತುಕೊಂಡೆ.

ಜ್ಯಾರೆಡ್ ಸ್ವರವನ್ನು ಹಿಡಿದಿಟ್ಟ. ರೆಕಾರ್ಡಿನಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿದ. ನನ್ನಣ್ಣ ಕಾಲನ್ನು ಎಳೆದುಕೊಂಡು, ನೆಟ್ಟಗೆ ನಿಂತು, ಸುತ್ತು ಪೂರ್ತಿ ಮಾಡಿದ ಮೇಲೆಯೇ ಬಿಟ್ಟ.