ಇಂಗ್ಲಿಷರ ಮೀನೂ ಅಕ್ಕನ ಮೂಗೂ

ಕಾಲೇಜಿನ ಡಿಬೇಟ್ ತಂಡ ನನಗೆ ಕಲಿಸಿದ್ದು ಒಂದೇ: ಎದುರಿನವರು ಬಾಯಿ ತೆರೆದರೆ ಪುರಾವೆ ಕೇಳು. ಕೊರೊನಾ ಕಾಲದಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟಿನ ಮನೆಯಲ್ಲಿ ಎದುರಿಗಿದ್ದದ್ದು ಒಬ್ಬರೇ, ನನ್ನ ಜೊತೆ ಬಾಡಿಗೆಗಿದ್ದ ಮಂಗಳೂರಿನ ಅಕ್ಕ. ಹಾಗಾಗಿ ಎಲ್ಲ ಪುರಾವೆಗಳನ್ನೂ ಅವರೇ ಒದಗಿಸಬೇಕಾಯಿತು.

ಅಕ್ಕ ಮೊದಲು ಇಂಗ್ಲೆಂಡಿನಲ್ಲಿ ಓದಿದವರು. ಗುರುವಾರದ ಸಂತೆಯಿಂದ ಕಿಬ್ಬೆಲಿಂಗ್, ಅಂದರೆ ಹಿಟ್ಟಲ್ಲಿ ಅದ್ದಿ ಕರಿದ ಮೀನಿನ ತುಂಡುಗಳನ್ನು, ಚಿಪ್ಸ್ ಜೊತೆ ತಂದಾಗಲೆಲ್ಲ, "ಇದು ಇಂಗ್ಲಿಷರ ಫಿಶ್ ಆ್ಯಂಡ್ ಚಿಪ್ಸ್‌ನ ನಕಲು" ಅನ್ನುತ್ತಿದ್ದರು.

"ಇಂಗ್ಲಿಷರದ್ದು ಅಂತ ಯಾರು ಹೇಳಿದ್ದು? ಹೀಗೆ ಮೀನು ಕರಿಯೋದನ್ನ ಅಲ್ಲಿಗೆ ಒಯ್ದವರು ಸ್ಪೇನ್, ಪೋರ್ಚುಗಲ್ ಬಿಟ್ಟು ಓಡಿಬಂದ ಯಹೂದಿಗಳು ಅಂತಾರೆ. ಶುಕ್ರವಾರ ಕರಿದಿಟ್ಟು ಶನಿವಾರ ತಣ್ಣಗೆ ತಿಂತಿದ್ರಂತೆ, ಸಬ್ಬತ್ ದಿನ ಒಲೆ ಹಚ್ಚೋ ಹಾಗಿಲ್ವಲ್ಲ. ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಅದನ್ನ ಮೊದಲು ಕರಿದವರು ನಾವು ಅಂತ ಬೆಲ್ಜಿಯಮ್ಮಿನವರೂ ಫ್ರೆಂಚರೂ ಇನ್ನೂ ಜಗಳ ಆಡ್ತಿದ್ದಾರೆ. ಇಂಗ್ಲಿಷರಿಗೆ ಉಳಿದದ್ದು ನಡುವಿನ 'ಆ್ಯಂಡ್' ಮಾತ್ರ ಅಕ್ಕಾ!"

"ಮಾರಾಯ್ತಿ, ನಮ್ಮ ಬಂಗುಡೆ ಮೀನಿನ ಗಸಿಗೆ ಹಾಕುವ ಕೆಂಪು ಮೆಣಸು ಪೋರ್ಚುಗೀಸರು ತಂದದ್ದು. ಹಾಗಂತ ಗಸಿ ಅವರದ್ದಾ? ಜೋಡಿಸಿದವರದ್ದೇ ಅಡುಗೆ. ತಿನ್ನು, ತಣ್ಣಗಾಗ್ತದೆ."

ಬಾಯಿ ತುಂಬ ಮೀನು ತುರುಕಿಕೊಂಡೆ.

ಆಮೇಲೆ ಅಕ್ಕನಿಗೆ ಕೊರೊನಾ ಬಂತು. ಜ್ವರ ವಾರದಲ್ಲಿ ಬಿಟ್ಟಿತು. ಹೋದ ವಾಸನೆ ಮಾತ್ರ ವಾಪಸ್ ಬರಲಿಲ್ಲ. ಹತ್ತು ಹೆಜ್ಜೆ ದೂರದಿಂದಲೇ ಮೀನು ಇವತ್ತಿನದ್ದೋ ನಿನ್ನೆಯದ್ದೋ ಅಂತ ಹೇಳುತ್ತಿದ್ದ ಮೂಗು ಅದು. ಎರಡು ತಿಂಗಳ ನಂತರ ಅಕ್ಕ ಊರಿಗೆ ಫೋನ್ ಮಾಡಿ, "ಬಂತಮ್ಮ, ವಾಸನೆ ಬಂತು" ಅನ್ನುವುದು ಕೇಳಿಸಿತು. ನಾನು ಬಿಡುತ್ತೇನೆಯೇ? ಮುಂದಿನ ಗುರುವಾರ ಅಕ್ಕನ ಕಣ್ಣಿಗೆ ಬಟ್ಟೆ ಕಟ್ಟಿ, ಪೊಟ್ಟಣವನ್ನು ಮೂಗಿಗೆ ಹಿಡಿದೆ.

"ಆಹಾ! ಎಂಥ ಮೀನು!"

ಪೊಟ್ಟಣದಲ್ಲಿ ಬರೀ ಚಿಪ್ಸ್ ಇತ್ತು. ನಾನು ಕೇಕೆ ಹಾಕಿ ನಕ್ಕೆ. ಅಕ್ಕ ಬಟ್ಟೆ ಬಿಚ್ಚಿ ನೋಡಿ, "ಅಮ್ಮ ಇದೇ ಚಿಂತೆಯಲ್ಲಿ ಊಟ ಬಿಟ್ಟಿದ್ದಾರೆ ಮಾರಾಯ್ತಿ, ಅದಕ್ಕೆ ಹೇಳಿದ್ದು" ಅಂದು ಕೋಣೆಗೆ ಹೋದರು. ಚಿಪ್ಸ್ ಪೂರ್ತಿ ನಾನೊಬ್ಬಳೇ ತಿಂದೆ. ಗೆದ್ದವರ ಪಾಲು.

ಅಲ್ಲಿಗೆ ಪರೀಕ್ಷೆ ನಿಲ್ಲಿಸಿದೆ. ಗುರುವಾರ ಗುರುವಾರ ಒಂದೂವರೆ ಮೀಟರ್ ಅಂತರದ ಸಾಲಲ್ಲಿ, ಆ ಕರಿಯುವ ಹೊಗೆಯಲ್ಲಿ ನಿಂತು ಕಿಬ್ಬೆಲಿಂಗ್ ತರುವುದು ನನ್ನ ಕೆಲಸವಾಯಿತು. ಒಂದು ದಿನ ಒಳಗೆ ಬಂದವಳೇ ಆ ಗಸಿಯ ಮಾತಿಗೆ ಕೊನೆಗೂ ಹೊಳೆದ ಉತ್ತರವನ್ನು ಶುರುಮಾಡಿದ್ದೆ. ಅಕ್ಕ ಮುಖ ಸಿಂಡರಿಸಿ ಕೈ ಎತ್ತಿದರು.

"ಸಾಕು! ಆ ಜಾಕೆಟ್ ತೊಳೆದು ಎಷ್ಟು ಕಾಲ ಆಯ್ತು? ಹಳೇ ಎಣ್ಣೆ ನಾತ!"

ಪುರಾವೆ ಕೇಳುವ ಮೊದಲು ನಾನೇ ತೋಳು ಮೂಸಿದೆ. ನಾತ ಇತ್ತು.

ಅಕ್ಕ ಆಗಲೇ ಊರಿಗೆ ಫೋನ್ ಹಚ್ಚಿದ್ದರು. ಅಮ್ಮ ನಂಬಲಿಲ್ಲ, ಫೋನ್ ನನ್ನ ಕೈಗೆ ಬಂತು.

"ಅವಳು ಹಿಂದೆಯೂ ಹೀಗೇ ಹೇಳಿದ್ದಾಳೆ. ನೀನು ಹೇಳು ಮಗಾ, ಈ ಸಲ ನಿಜವಾ?"

"ನಿಜ ಅಮ್ಮಾ," ಅಂದೆ. "ನನ್ನ ಜಾಕೆಟ್ ನಾರ್ತಿದೆ."